ಅರ್ಥ ಮುಂದಿನ ತರಗತಿಗೆ

ನಮ್ಮ ಮನೆಯಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಮೊದಲು ಕಲಿತವಳು ನಾನು. ಎರಡನೆಯವನು ನಮ್ಮಪ್ಪ. ಅಪ್ಪನಿಗೆ ಕನ್ನಡವನ್ನೇ ಓದಲು ಬರುತ್ತಿರಲಿಲ್ಲ. ರುಜು ಹಾಕುವುದನ್ನು ಮಾತ್ರ ಕಲಿತಿದ್ದ, ಅದನ್ನೂ ಪ್ರತಿ ಸಲ ರಂಗೋಲಿ ಬಿಡುವವನಂತೆ ನಿಧಾನವಾಗಿ ಬರೆಯುತ್ತಿದ್ದ. ಹಾಗಿದ್ದೂ ಐವತ್ತರ ದಶಕದ ಕೊನೆಯಲ್ಲಿ ಹೆಬ್ಬಾಳ, ಕೆಂಪಾಪುರದ ಸುತ್ತಮುತ್ತ ಪ್ರಿಪೊಸಿಷನ್ ಅಂದರೆ ಏನೆಂದು ಹೇಳಬಲ್ಲ ರೈತ ಅವನೊಬ್ಬನೇ ಇದ್ದ ಎಂದು ನನ್ನ ನಂಬಿಕೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಆ ವಿದ್ಯೆಯಿಂದ ನಮಗೆ ಆದದ್ದೇನು ಎಂಬುದನ್ನು ಬರೆಯಲು ಕೂತಿದ್ದೇನೆ.

ನಮ್ಮದು ಸಣ್ಣ ಹಳ್ಳಿ. ಈಗ ಅದನ್ನು ಹಳ್ಳಿ ಅಂದರೆ ಅಲ್ಲಿರುವವರು ಬೇಸರ ಮಾಡಿಕೊಳ್ಳುತ್ತಾರೆ. ಆಗ ರಾಗಿ ಹೊಲ, ಸೊಪ್ಪಿನ ಮಡಿ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ. ನಮಗೆ ಎರಡು ಕಡೆ ಜಮೀನಿತ್ತು. ಮನೆಯ ಹಿಂದೆ ಇದ್ದದ್ದು ಮಳೆ ಬಂದರೆ ಬೆಳೆ ಕೊಡುವ ರಾಗಿ ಹೊಲ. ರಸ್ತೆಯ ಕಡೆ ಇದ್ದದ್ದು ಒಂದೇ ಎಕರೆ, ಆದರೆ ಅದರಲ್ಲಿ ತಾತ ತೋಡಿಸಿದ ಬಾವಿಯಿತ್ತು. ಆ ಬಾವಿಯ ನೀರಿನಿಂದಲೇ ದ್ರಾಕ್ಷಿ, ಆ ಬಾವಿಯ ನೀರಿನಿಂದಲೇ ಮನೆಯ ಅಡಿಗೆ. ಎಂಥ ಬೇಸಿಗೆಯಲ್ಲೂ ಅದು ಬತ್ತಿದ್ದನ್ನು ಯಾರೂ ನೋಡಿರಲಿಲ್ಲ. ಅವ್ವ ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವುದಕ್ಕೆ ಮೊದಲು ಬಾವಿಗೆ ಇಣುಕಿ ನೋಡಿ ಬರುತ್ತಿದ್ದಳು.

ಹೆಣ್ಣುಮಗಳನ್ನು ಹೆಬ್ಬಾಳದ ಶಾಲೆಗೆ ಇಂಗ್ಲಿಷ್ ಕಲಿಯಲು ಕಳಿಸುವುದು ನಮ್ಮ ಕಡೆ ವಾಡಿಕೆಯಿರಲಿಲ್ಲ. ನಮ್ಮಪ್ಪ ಕಳಿಸಿದ. ಅದಕ್ಕೆ ಕಾರಣ ವಿದ್ಯೆಯ ಮೇಲಿನ ಪ್ರೀತಿ ಅಲ್ಲ, ಶಾನುಭೋಗರ ಮೇಲಿನ ಸಿಟ್ಟು. ಊರಿನ ಲೆಕ್ಕಪತ್ರ ಬರೆಯುವ ಹಳೆಯ ಶಾನುಭೋಗರು ತಾತನಿಗೆ ಒಂದು ಕಾಗದ ಓದಿ ಹೇಳಿ, ಬೇರೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಆ ಶಾನುಭೋಗರು ಸತ್ತು ಅವರ ಮಗ ಬಂದಿದ್ದರು. ಮಗ ಒಳ್ಳೆಯವರೇ. ಆದರೂ ಅಪ್ಪ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಶಪಥ ಮಾಡಿದ್ದ, ಅವರು ಕೂರುತ್ತಿದ್ದ ಚಾವಡಿಯ ಕಡೆಗೂ ಹೋಗುತ್ತಿರಲಿಲ್ಲ. "ನಮ್ಮನೆ ಕಾಗ್ದ ನಮ್ಮನೇಲೇ ಓದ್ಕಬೇಕು" ಅನ್ನುವುದು ಅವನ ಹಟ. ಗಂಡುಮಕ್ಕಳಿರಲಿಲ್ಲ. ಹಾಗಾಗಿ ಆ ಹಟ ನನ್ನ ತಲೆಗೆ ಬಂತು.

ನಮ್ಮ ಇಂಗ್ಲಿಷ್ ಮೇಷ್ಟ್ರು ಯಶವಂತಪುರದಿಂದ ಸೈಕಲ್ ಮೇಲೆ ಬರುತ್ತಿದ್ದರು. ಮಾಸಿದ ಕೋಟು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು. ಇಂಗ್ಲಿಷಿನಲ್ಲಿ ಅವರಿಗೆ ಇಷ್ಟವಾಗಿದ್ದದ್ದು ವ್ಯಾಕರಣ ಒಂದೇ. ಪಾಠ, ಪದ್ಯ, ಕಥೆ ಇವನ್ನೆಲ್ಲ ವ್ಯಾಕರಣಕ್ಕೆ ಬೇಕಾದ ಪದಗಳನ್ನು ತಂದಿಡುವ ಗೋಡೌನು ಎಂದು ಅವರು ತಿಳಿದಿದ್ದರು. ಮೊದಲನೇ ದಿನವೇ ಬೋರ್ಡಿನ ಮೇಲೆ ಎಂಟು ಹೆಸರು ಬರೆದರು. ನೌನ್, ಪ್ರೊನೌನ್, ಆಡ್ಜೆಕ್ಟಿವ್, ವರ್ಬ್, ಆಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಪ್ರಪಂಚದಲ್ಲಿ ಇಂಗ್ಲಿಷಿನ ಯಾವ ಪದವೇ ಆಗಲಿ ಈ ಎಂಟು ಕೋಣೆಯೊಳಗೆ ಇರಲೇಬೇಕು, ಒಂಬತ್ತನೆಯದು ಇಲ್ಲ ಅಂದರು. ನಮಗೆ ಸಮಾಧಾನವಾಯಿತು. ಗಣಿತದಲ್ಲಿ ಇಂಥ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ಆಮೇಲೆ ಪಾರ್ಸಿಂಗ್ ಶುರುವಾಯಿತು. ಒಂದು ವಾಕ್ಯ ತೆಗೆದುಕೊಂಡು ಪ್ರತಿ ಪದವನ್ನೂ ಎಬ್ಬಿಸಿ ನಿಲ್ಲಿಸಿ ವಿಚಾರಿಸುವುದಕ್ಕೆ ಪಾರ್ಸಿಂಗ್ ಎಂದು ಹೆಸರು. "ದಿ ಕೌ ಈಟ್ಸ್ ಗ್ರಾಸ್" ಎಂದು ಮೇಷ್ಟ್ರು ಬರೆದರೆ, ನಾವು ಎದ್ದು ನಿಂತು, "ಕೌ, ನೌನ್, ಕಾಮನ್, ಫೆಮಿನೈನ್ ಜೆಂಡರ್, ಸಿಂಗ್ಯುಲರ್ ನಂಬರ್, ಥರ್ಡ್ ಪರ್ಸನ್, ನಾಮಿನೇಟಿವ್ ಕೇಸ್, ಸಬ್ಜೆಕ್ಟ್ ಟು ದಿ ವರ್ಬ್ ಈಟ್ಸ್" ಎಂದು ಒಂದೇ ಉಸಿರಿನಲ್ಲಿ ಹೇಳಬೇಕು. ನಡುವೆ ಉಸಿರು ತೆಗೆದುಕೊಂಡರೆ ಮೊದಲಿನಿಂದ. ಆರನೇ ತರಗತಿ ಮುಗಿಯುವುದರೊಳಗೆ ನಮ್ಮ ತರಗತಿಯ ಎಲ್ಲರಿಗೂ ಪುಪ್ಪುಸ ಗಟ್ಟಿಯಾಗಿತ್ತು.

ಅರ್ಥ ಕೇಳುವಂತಿರಲಿಲ್ಲ. ಯಾರಾದರೂ ಕೇಳಿದರೆ ಮೇಷ್ಟ್ರು ಸಿಟ್ಟಾಗುತ್ತಿರಲಿಲ್ಲ, "ಅರ್ಥ ಮುಂದಿನ ತರಗತಿಗೆ ಕಣಯ್ಯ, ಈಗ ಪಾರ್ಸ್ ಮಾಡು" ಅನ್ನುತ್ತಿದ್ದರು. ಐದರಲ್ಲಿ ಆರಕ್ಕೆ ಅಂದರು, ಆರರಲ್ಲಿ ಏಳಕ್ಕೆ ಅಂದರು. ಏಳರಲ್ಲಿ ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು. ಹಸು, ಹುಲ್ಲು, ಮನೆ, ದಿನ, ಒಂದರಿಂದ ನೂರು ಇಷ್ಟರ ಅರ್ಥ ಅದು ಹೇಗೋ ಗೊತ್ತಾಗಿತ್ತು, ಅವರು ಹೇಳಿಕೊಟ್ಟದ್ದಲ್ಲ.

ಅವರ ಇನ್ನೊಂದು ಕ್ರಮವಿತ್ತು. ಒಂದು ಸಾಲು ಪೂರ್ತಿ ಆಗದೆ ಮುಂದಿನ ಸಾಲನ್ನು ನೋಡಬಾರದು. ಕಣ್ಣು ಮುಂದಕ್ಕೆ ಓಡಿದರೆ ಬುದ್ಧಿ ಹಿಂದೆ ಉಳಿಯುತ್ತದೆ ಎಂದು ಅವರ ಸಿದ್ಧಾಂತ. ಅದಕ್ಕಾಗಿ ನಾವೆಲ್ಲ ಹಳೆಯ ಕ್ಯಾಲೆಂಡರಿನ ರಟ್ಟನ್ನು ಪುಸ್ತಕದ ಅಗಲಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೆವು. ರಟ್ಟನ್ನು ಪುಟದ ಮೇಲೆ ಇಟ್ಟು, ಮೇಲಿನ ಒಂದು ಸಾಲು ಮಾತ್ರ ಕಾಣುವಂತೆ ಮಾಡಿ, ಅದು ಮುಗಿದ ಮೇಲೆ ರಟ್ಟನ್ನು ಒಂದು ಸಾಲಿನಷ್ಟು ಕೆಳಗೆ ಜಾರಿಸಬೇಕು. ಎರಡು ಸಾಲು ಜಾರಿಸಿದವರ ಗೆಣ್ಣಿನ ಮೇಲೆ ಅಡಿಕೋಲಿನ ಅಂಚಿನಿಂದ ಒಂದು ಏಟು. ನನಗೆ ಆ ಏಟು ಒಂದೇ ಸಲ ಬಿದ್ದದ್ದು. ನಾನು ಒಳ್ಳೆಯ ವಿದ್ಯಾರ್ಥಿನಿ, ಒಂದೇ ಸಲಕ್ಕೆ ಕಲಿತುಬಿಟ್ಟೆ.

ಸಂಜೆ ಹೊತ್ತು ಮುಳುಗುವ ಮೊದಲು ಜಗಲಿಯ ಮೇಲೆ ಕೂತು ನಾನು ಪಾರ್ಸಿಂಗ್ ಒಪ್ಪಿಸುವುದು, ಅಪ್ಪ ಹೊಲದಿಂದ ಬಂದು ಕಾಲು ತೊಳೆದು ಕೂತು ಕೇಳುವುದು ರೂಢಿಯಾಯಿತು. ಅವನಿಗೆ ಮೊದಲು ಆಶ್ಚರ್ಯವಾದದ್ದು ವಿಚಾರಣೆಯ ಉದ್ದ.

"ಗಂಡೋ ಎಣ್ಣೋ, ಒಂದೋ ಎರಡೋ, ಯಾರ ಕಡೇದು, ಯಾರ ಕೈಕೆಳಗೈತೆ, ಎಲ್ಲಾ ಕೇಳ್ತಾರಲ್ಲವ್ವಾ! ಎಣ್ಣು ನೋಡಕ್ಕೆ ಬಂದೋರೂ ಇಷ್ಟು ಕೇಳಲ್ಲ" ಅಂದ.

ಕೇಳುತ್ತ ಕೇಳುತ್ತ ಅವನಿಗೆ ಅದರ ರುಚಿ ಹತ್ತಿತು. ಕೆಲವೇ ತಿಂಗಳಲ್ಲಿ ಎಂಟು ಕೋಣೆಯವರನ್ನೂ ನಮ್ಮ ಊರಿಗೆ ಒಗ್ಗಿಸಿಕೊಂಡ. ವರ್ಬ್ ಮನೆಯ ಯಜಮಾನ, ಅವನಿಲ್ಲದೆ ಏನೂ ನಡೆಯುವುದಿಲ್ಲ. ಆಡ್ವರ್ಬ್ ಮನೆ ಅಳಿಯ, ಎಲ್ಲಿ ಬೇಕಾದರೂ ಕೂರುತ್ತಾನೆ, ಕೇಳುವ ಹಾಗಿಲ್ಲ. ಪ್ರಿಪೊಸಿಷನ್ ಶಾನುಭೋಗ, ನೋಡಲು ಇಷ್ಟೇ ಇಷ್ಟು, ಆದರೆ ಅವನ ಎದುರಿಗೆ ಬಂದವರೆಲ್ಲ ಆಬ್ಜೆಕ್ಟಿವ್ ಕೇಸು. ಇಂಟರ್ಜೆಕ್ಷನ್ ಯಾರು ಅಂದಾಗ ಒಳಗೆ ರಾಗಿ ಬೀಸುತ್ತಿದ್ದ ಅವ್ವನ ಕಡೆ ಕಣ್ಣು ಹಾಯಿಸಿದ. ಅವ್ವನಿಗೆ ಗೊತ್ತಾಯಿತು, ಬೀಸುವ ಕಲ್ಲು ಒಂದು ಗಳಿಗೆ ನಿಂತಿತು.

ನಿಜ ಹೇಳಬೇಕೆಂದರೆ ಅಪ್ಪನಿಗೆ ವ್ಯಾಕರಣ ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ನಾನು ಬಾಯಿಪಾಠ ಮಾಡಿದ್ದೆ, ಅವನು ಪದಗಳ ನಡುವಿನ ಸಂಬಂಧ ಹಿಡಿದಿದ್ದ. ನಾನು ಎಲ್ಲಾದರೂ ತಡವರಿಸಿದರೆ, "ಅದು ಯಾರ ಕೈಕೆಳಗೈತೆ ನೋಡವ್ವಾ" ಅನ್ನುತ್ತಿದ್ದ. ನೋಡಿದರೆ ಅವನು ಹೇಳಿದ್ದೇ ಸರಿಯಿರುತ್ತಿತ್ತು. ಆ ವಾಕ್ಯ ಏನು ಹೇಳುತ್ತಿದೆ ಎಂಬುದು ಮಾತ್ರ ನಮ್ಮಿಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪ ನನಗೆ ಗೊತ್ತಿದೆ ಅಂದುಕೊಂಡಿದ್ದ. ಅದು ಮುಂದಿನ ತರಗತಿಯಲ್ಲಿ ಗೊತ್ತಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಏಳನೇ ತರಗತಿಯಲ್ಲಿ ಅನಾಲಿಸಿಸ್ ಬಂತು. ಉದ್ದ ವಾಕ್ಯವನ್ನು ಒಡೆದು ಪ್ರಧಾನ ವಾಕ್ಯ ಯಾವುದು, ಅಧೀನ ವಾಕ್ಯಗಳು ಯಾವುವು, ಒಂದನ್ನೊಂದು ಯಾವ ಪದ ಕಟ್ಟಿದೆ ಎಂದು ಗೆರೆ ಹಾಕಿದ ಕೋಷ್ಟಕದಲ್ಲಿ ತುಂಬುವುದು. ಕೆಂಪು ಶಾಯಿಯಲ್ಲಿ ಏಳು ಕಂಬ. ನನ್ನ ಕೋಷ್ಟಕ ತರಗತಿಗೇ ಅಂದವಾಗಿರುತ್ತಿತ್ತು. ಇನ್‌ಸ್ಪೆಕ್ಟರು ಶಾಲೆಗೆ ಬಂದಾಗ ಮೇಷ್ಟ್ರು ನನ್ನ ನೋಟ್‌ಪುಸ್ತಕವನ್ನೇ ತೋರಿಸಿದರು. ಇನ್‌ಸ್ಪೆಕ್ಟರು ಪುಟ ತಿರುಗಿಸಿ "ಗುಡ್" ಅಂದರು. ನಾನು ಮನಸ್ಸಿನಲ್ಲೇ "ಆಡ್ಜೆಕ್ಟಿವ್" ಅಂದುಕೊಂಡೆ. ಈ ಸಂಗತಿ ಊರೆಲ್ಲ ಹಬ್ಬಿತು, ಹಬ್ಬಿಸಿದವನು ಅಪ್ಪ.

ನೋಟೀಸು ಬಂದದ್ದು ಆ ವರ್ಷವೇ. ಒಂದು ಅಮಾವಾಸ್ಯೆಯ ಮಾರನೆಯ ದಿನ ಕಚೇರಿಯ ಜವಾನ ಬಂದು ಅಪ್ಪನ ರುಜು ಹಾಕಿಸಿಕೊಂಡು ಒಂದು ಕಾಗದ ಕೊಟ್ಟುಹೋದ. ಪೂರ್ತಿ ಇಂಗ್ಲಿಷ್. ಟೈಪ್ ಮಾಡಿದ್ದು, ಕೆಳಗೆ ನೇರಳೆ ಬಣ್ಣದ ಮುದ್ರೆ. ಹಿಂದಿನ ವರ್ಷ ಸರ್ವೆಯವರು ಸರಪಳಿ ಹಿಡಿದು ರಸ್ತೆಯ ಪಕ್ಕದ ಜಮೀನುಗಳನ್ನು ಅಳೆದುಕೊಂಡು ಹೋಗಿದ್ದರು. ಅದಕ್ಕೆ ಸಂಬಂಧಪಟ್ಟ ಏನೋ ಒಂದು ಕಾಗದ ಎಂದು ಅಪ್ಪ ತೀರ್ಮಾನಿಸಿದ. ಅವನ ಮುಖದಲ್ಲಿ ಆತಂಕವಿರಲಿಲ್ಲ, ಸಂಭ್ರಮವಿತ್ತು. ಅಷ್ಟು ವರ್ಷ ಕಾದಿದ್ದ ಕಾಗದ ಕೊನೆಗೂ ಬಂದಿತ್ತು, ಓದುವವಳು ಮನೆಯಲ್ಲಿದ್ದಳು.

"ಶಾನುಭೋಗರ ಕೈಲಿ ಒಂದ್ಸಲ ಓದಿಸ್ಬಾರ್ದಾ?" ಅಂದಳು ಅವ್ವ.

"ಯಾಕೆ? ಮಗಳನ್ನ ಮೂರೊರ್ಸ ಯಾಕೆ ಕಳ್ಸಿದ್ದು?" ಅಂದ ಅಪ್ಪ.

ಸಂಜೆ ಜಗಲಿಯ ಮೇಲೆ ಕೂತೆವು. ನಾನು ಕಾಗದದ ಮೇಲೆ ರಟ್ಟು ಇಟ್ಟೆ. ಮೊದಲ ಸಾಲಿನ ಮೊದಲ ಪದ "ವೇರ್ಯಾಸ್". ಸರ್ಕಾರಿ ಕಾಗದಗಳು ಶುರುವಾಗುವುದೇ ಆ ಪದದಿಂದ ಎಂದು ಈಗ ಗೊತ್ತು, ಆಗ ಅಂಥ ಪದವನ್ನು ನಾನು ಕಂಡಿರಲಿಲ್ಲ. ಎಂಟು ಕೋಣೆಯಲ್ಲಿ ಯಾವುದಕ್ಕೆ ಸೇರಿಸುವುದು ಎಂದು ಆ ಸಂಜೆಯೆಲ್ಲ ಚರ್ಚೆಯಾಯಿತು. ಅದಕ್ಕೆ ಜೆಂಡರ್ ಇಲ್ಲದ್ದರಿಂದ ನೌನ್ ಅಲ್ಲ ಎಂದು ಅಪ್ಪ ಹೇಳಿದ. ಕಂಜಂಕ್ಷನ್ ಇರಬೇಕು ಎಂದು ನಾನು ಹೇಳಿದೆ. ಕಂಜಂಕ್ಷನ್ ಅಂದರೆ ಎರಡನ್ನು ಕಟ್ಟುವುದು, ಇದರ ಹಿಂದೆ ಏನೂ ಇಲ್ಲವಲ್ಲ, ಯಾವುದಕ್ಕೆ ಯಾವುದನ್ನು ಕಟ್ಟುತ್ತದೆ ಎಂದು ಅವನು ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಮೊದಲ ಪದಕ್ಕೆ ಎರಡು ದಿನ ಹಿಡಿಯಿತು.

ಮೇಷ್ಟ್ರ ನಿಯಮದ ಪ್ರಕಾರ ಮೊದಲು ವರ್ಬ್ ಹುಡುಕಬೇಕು. ವರ್ಬ್ ಸಿಕ್ಕರೆ ಸಬ್ಜೆಕ್ಟ್ ಸಿಗುತ್ತದೆ. ಆದರೆ ಸಾಲು ಮುಗಿದರೂ ವಾಕ್ಯ ಮುಗಿಯಲಿಲ್ಲ. ರಟ್ಟು ಜಾರಿಸಿದೆ. ಎರಡನೆಯ ಸಾಲು ಮುಗಿದರೂ ಮುಗಿಯಲಿಲ್ಲ. ಚುಕ್ಕೆಯೇ ಇಲ್ಲದ ವಾಕ್ಯವನ್ನು ನಾನು ಮೊದಲ ಸಲ ನೋಡಿದ್ದು. ಅದಕ್ಕೆ ಸಾಲುವಷ್ಟು ಕೋಷ್ಟಕ ನೋಟ್‌ಪುಸ್ತಕದಲ್ಲಿ ಹಿಡಿಸಲಿಲ್ಲ. ಅಪ್ಪ ಅಂಗಡಿಯಿಂದ ಕಂದು ಕಾಗದ ತಂದು ರಾಗಿ ಅಂಬಲಿಯಿಂದ ಒಂದಕ್ಕೊಂದು ಅಂಟಿಸಿ ಜಗಲಿಯ ಉದ್ದಕ್ಕೆ ಹಾಸಿಕೊಟ್ಟ. ಕೆಂಪು ಶಾಯಿಯಲ್ಲಿ ಕಂಬ ಎಳೆದೆ. ನೋಡಲು ಲಕ್ಷಣವಾಗಿತ್ತು.

ಒಂದು ದಿನ ರಸ್ತೆಯಲ್ಲಿ ಹೋಗುತ್ತಿದ್ದ ಶಾನುಭೋಗರು ನಮ್ಮ ಜಗಲಿಯ ಮುಂದೆ ನಿಂತರು. "ಗೌಡ್ರೇ, ಕಾಗದ ಬಂತಾ? ಚಾವಡೀಲೂ ಅಂಟಿಸಿದೀವಿ, ನೋಡಿದ್ರಾ?"

"ಬಂತು ಸ್ವಾಮಿ. ನಮ್ಮುಡುಗಿ ಓದ್ತಾವ್ಳೆ" ಅಂದ ಅಪ್ಪ. ಆ "ಓದ್ತಾವ್ಳೆ" ಅನ್ನುವ ಮಾತನ್ನು ಅವನು ತೂಕ ಮಾಡಿ ಇಟ್ಟ.

ಶಾನುಭೋಗರು ಹಾಸಿದ ಕಾಗದವನ್ನೂ ಕೆಂಪು ಕಂಬಗಳನ್ನೂ ನೋಡಿದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಹಾಗಾದ್ರೆ ಸರಿ ಬಿಡಿ" ಎಂದು ಹೊರಟುಹೋದರು. ಚಾವಡಿಯ ಬಾಗಿಲಿಗೆ ಅಂಟಿಸಿದ್ದು ಅದೇ ನೋಟೀಸು, ಕನ್ನಡದಲ್ಲಿ. ನಾನು ಶಾಲೆಗೆ ಹೋಗುವ ದಾರಿ ಇನ್ನೊಂದು ಕಡೆ. ಹೋಗಿ ನೋಡಿ ಬಾ ಎಂದು ಅಪ್ಪ ಹೇಳಲಿಲ್ಲ. ಇಂಗ್ಲಿಷ್ ಕಾಗದವೇ ಮನೆಯಲ್ಲಿರುವಾಗ ಕನ್ನಡದ್ದನ್ನು ನೋಡಿ ಬರುವುದು ನನಗೂ ಅವಮಾನದ ಕೆಲಸವಾಗಿ ಕಂಡಿತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅವ್ವ ಸೊಪ್ಪು ಬಿಡಿಸುತ್ತ ಕೂತವಳು ತಲೆಯೆತ್ತಿ ಕೇಳಿದಳು. "ಅಲ್ಲ ಕಣೇ, ಅದ್ರಾಗೆ ಏನೈತೆ? ಒಂದ್ಮಾತ್ನಾಗೆ ಏಳು."

"ಇನ್ನೂ ಪ್ರಧಾನ ವಾಕ್ಯ ಸಿಕ್ಕಿಲ್ಲ" ಅಂದೆ.

"ಸಿಕ್ಕುದ್ಮೇಲೆ ಏಳ್ತಾಳೆ, ನೀನು ಸೊಪ್ಪು ನೋಡು" ಅಂದ ಅಪ್ಪ.

ನನಗೆ ಭಯವಾಯಿತು. ಆ ಭಯವನ್ನು ಚೆನ್ನಾಗಿ ನೆನಪಿಟ್ಟಿದ್ದೇನೆ. ಪ್ರಧಾನ ವಾಕ್ಯ ಸಿಕ್ಕರೂ ಅದು ಏನು ಹೇಳುತ್ತದೆ ಎಂದು ನನಗೆ ಗೊತ್ತಾಗುವುದಿಲ್ಲ ಎಂಬುದು ಆ ಕ್ಷಣಕ್ಕೆ ಸ್ಪಷ್ಟವಾಗಿ ಹೊಳೆಯಿತು. "ಲ್ಯಾಂಡ್" ಅಂದರೆ ಜಮೀನು ಎಂದು ಗೊತ್ತಿತ್ತು, "ಗೌರ್ಮೆಂಟ್" ಅಂದರೆ ಸರ್ಕಾರ. ನಡುವೆ ಇದ್ದದ್ದೆಲ್ಲ ಕೇವಲ ಪದಗಳು. ಪ್ರತಿಯೊಂದರ ಕೇಸು, ನಂಬರು, ಪರ್ಸನ್ನು ಹೇಳಬಲ್ಲೆ. "ಅಪ್ಪಾ, ನಂಗೆ ಗೊತ್ತಿಲ್ಲ" ಎಂಬ ಮೂರು ಪದ ಬಾಯಿಗೆ ಬರಲಿಲ್ಲ. ಅವನು ಎದುರಿಗೆ ಕಂದು ಕಾಗದದ ಅಂಚು ಗಾಳಿಗೆ ಏಳದ ಹಾಗೆ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದ.

ಮೇಷ್ಟ್ರನ್ನು ಕೇಳೋಣ ಅನ್ನಿಸಿತು. ಆದರೆ ಮನೆಯ ಕಾಗದವನ್ನು ಹೊರಗೆ ತೋರಿಸಬಾರದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ಮೊದಲ ಎರಡು ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಪಾಠ ಮುಗಿದ ಮೇಲೆ ತೋರಿಸಿದೆ. ಮೇಷ್ಟ್ರು ಓದಿದರು. ಅವರ ಮುಖ ಅರಳಿತು.

"ಎಂಥ ವಾಕ್ಯ! ಎಲ್ಲಿ ಸಿಕ್ತು ನಿನಗೆ?"

"ಒಂದು ಪುಸ್ತಕದಲ್ಲಿ ಸಾರ್."

"ಇಂಥ ವಾಕ್ಯ ಬರೆಯೋರು ಈಗ ಇಲ್ಲಮ್ಮ" ಅಂದರು. ಸೈಕಲ್ಲಿನ ಹ್ಯಾಂಡಲ್ ಬಿಟ್ಟು ಒಳಗೆ ಬಂದು, ಒರೆಸಿದ್ದ ಬೋರ್ಡಿನ ಮೇಲೆ ಆ ಎರಡು ಸಾಲನ್ನು ಬರೆದು, "ವೇರ್ಯಾಸ್" ಕಂಜಂಕ್ಷನ್ನೇ ಎಂದು ತೀರ್ಪು ಕೊಟ್ಟರು. ಒಂದು ನೌನ್ ವಾಕ್ಯವನ್ನು ಬೇರೆ ಮಾಡಿ ತೋರಿಸಿದರು. ನಾನು ಮಾಡಿದ್ದ ಒಂದು ತಪ್ಪನ್ನು ತಿದ್ದಿ ಬೆನ್ನು ತಟ್ಟಿದರು. ಅರ್ಥ ಕೇಳಲು ಬಾಯಿ ತೆರೆದೆ. ಅವರು ಆಗಲೇ ಪ್ಯಾಂಟಿಗೆ ಕ್ಲಿಪ್ಪು ಹಾಕಿಕೊಳ್ಳುತ್ತಿದ್ದರು. ಅವರಿಗೆ ಅರ್ಥ ಗೊತ್ತಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಿದ್ದಿದ್ದರೆ ಆ ಬಡಪಾಯಿ ಸುಮ್ಮನೆ ಹೋಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ದಿನಕ್ಕೆ ಅರ್ಧ ಸಾಲು, ಕೆಲವು ದಿನ ಒಂದು ಸಾಲು. ದ್ರಾಕ್ಷಿಗೆ ಔಷಧಿ ಹೊಡೆಯುವ ದಿನ ಅಪ್ಪನಿಗೆ ಬಿಡುವಿರುತ್ತಿರಲಿಲ್ಲ, ಅವನಿಲ್ಲದೆ ಮುಂದುವರಿಯಲು ನನಗೆ ಮನಸ್ಸಿರಲಿಲ್ಲ. ಮತ್ತೊಂದು ಅಮಾವಾಸ್ಯೆ ಬಂತು, ಹೋಯಿತು. ಅದಾಗಿ ನಾಲ್ಕನೆಯ ದಿನದ ಸಂಜೆ ಒಂದು ಸಾಲು ಮುಗಿಸಿ ರಟ್ಟನ್ನು ಕೆಳಗೆ ಜಾರಿಸಿದೆ. ಅಲ್ಲಿ ಎರಡು ಪದ ಇದ್ದವು. ಅವನ್ನು ಪಾರ್ಸ್ ಮಾಡುವ ಅಗತ್ಯ ಬೀಳಲಿಲ್ಲ. ಐದನೇ ತರಗತಿಯ ಮಕ್ಕಳಿಗೂ ಅವುಗಳ ಅರ್ಥ ಗೊತ್ತು. "ಥರ್ಟಿ ಡೇಸ್."

ಆ ಎರಡು ಪದಗಳಿಗೆ ಮೊದಲು ಒಂದು ಪ್ರಿಪೊಸಿಷನ್ ಇತ್ತು. ಆ ಮೂವತ್ತು ದಿನ ಅದರ ಕೈಕೆಳಗಿತ್ತು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ರಟ್ಟನ್ನು ತೆಗೆದು ಪಕ್ಕಕ್ಕಿಟ್ಟೆ. ಕೆಳಗೆ ಇನ್ನು ಮೂರೇ ಸಾಲು. ಅದರಲ್ಲಿ ಬೆಂಗಳೂರಿನ ಕಚೇರಿಯೊಂದರ ವಿಳಾಸ.

"ಅಪ್ಪಾ, ಈ ಕಾಗದ ಬಂದು ಎಷ್ಟು ದಿನ ಆಯ್ತು?"

"ಆಚೆ ಅಮಾಸೆ ಮಾರ್ನೆ ದಿನ ಬಂತು. ಈ ಅಮಾಸೆ ಕಳ್ದು ಇವತ್ತಿಗೆ ನಾಕು" ಅಂದವನು ಬೆರಳು ಮಡಿಸಿ ಎಣಿಸಿದ. ಎರಡು ಸಲ ಎಣಿಸಿದ. ಮೂವತ್ತೆರಡೋ ಮೂವತ್ತಮೂರೋ ಆಗಿತ್ತು. "ಯಾಕವ್ವಾ?"

"ಮೂವತ್ತು ದಿನ ಅಂತ ಏನೋ ಐತೆ" ಅಂದೆ.

ಮಾರನೆಯ ದಿನ ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು, ನೋಟೀಸನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟ. ಬೇಕಾಗಬಹುದು ಎಂದು ನಾನು ಕಂದು ಕಾಗದದ ಕೋಷ್ಟಕವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಹೆಬ್ಬಾಳದಲ್ಲಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆವು. ಕಚೇರಿಯಲ್ಲಿ ಕನ್ನಡಕದ ಗುಮಾಸ್ತರೊಬ್ಬರು ನೋಟೀಸನ್ನು ಇಸಿದುಕೊಂಡು ಕಣ್ಣು ಹಾಯಿಸಿದರು. ನಾವು ಒಂದು ತಿಂಗಳು ಕೂತ ಕಾಗದ ಅವರಿಗೆ ಕೆಮ್ಮಿ ಮುಗಿಸುವುದರೊಳಗೆ ಓದಿ ಆಯಿತು.

"ರಸ್ತೆ ಕಡೆ ಜಮೀನು ಸರ್ಕಾರಕ್ಕೆ ಬೇಕು. ನಿಮ್ಮದೇನಾದ್ರೂ ತಕರಾರು ಇದ್ರೆ ಮೂವತ್ತು ದಿನದೊಳಗೆ ಬರೆದು ಕೊಡಬೇಕಾಗಿತ್ತು. ದಿನ ಕಳೆದುಹೋಗಿದೆಯಲ್ಲಪ್ಪ."

"ಅಲ್ಲಿ ನಮ್ಮ ಬಾವಿ ಐತೆ ಸ್ವಾಮಿ. ಕುಡಿಯಾ ನೀರು" ಅಂದ ಅಪ್ಪ.

"ಅದನ್ನೇ ಬರೀಬೇಕಾಗಿದ್ದದ್ದು. ನಿಮ್ಮ ಪಕ್ಕದ ಜಮೀನಿನೋರು ಬಂದಿದ್ರಲ್ಲ. ನಿಮ್ಮೂರ ಶಾನುಭೋಗರ ಕೈಲಿ ಬರೆಸ್ಕೊಂಡು ಬಂದಿದ್ರು, ತಮ್ಮ ಬಾವಿ ಇರೋ ಮೂಲೆ ಬಿಟ್ಟುಕೊಡಿ ಅಂತ. ಅವರದ್ದು ತಗೊಂಡಿದೀವಿ." ಗುಮಾಸ್ತರು ಕೆಟ್ಟವರಲ್ಲ. ನೋಟೀಸನ್ನು ಇನ್ನೊಂದು ಸಲ ತಿರುಗಿಸಿ ನೋಡಿದರು, ಏನಾದರೂ ದಾರಿ ಇದೆಯೋ ಎಂಬಂತೆ. "ಅಲ್ಲಪ್ಪ, ಒಂದು ತಿಂಗಳಿಂದ ಮನೇಲಿ ಇಟ್ಕೊಂಡು ಏನ್ ಮಾಡ್ತಿದ್ರಿ? ಮನೇಲಿ ಓದೋರು ಯಾರೂ ಇರ್ಲಿಲ್ವಾ?"

ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಕಂಕುಳಲ್ಲಿ ಸುರುಳಿ ಇತ್ತು.

"ಇಲ್ಲ ಸ್ವಾಮಿ" ಅಂದ ಅಪ್ಪ. "ನಮ್ಮನೇಲಿ ಓದ್ದೋರು ಯಾರೂ ಇಲ್ಲ."

ಗುಮಾಸ್ತರು ನನ್ನ ಕಡೆ ನೋಡಿದರು. "ಈ ಹುಡುಗಿ?"

"ಅದಿನ್ನೂ ಚಿಕ್ಕುಡುಗಿ ಸ್ವಾಮಿ. ಇಂಗೇ ಜತೆಗೆ ಬಂತು" ಅಂದ.

ಸಂಜೆಯ ಬಸ್ಸಿಗೆ ಹಿಂತಿರುಗಿದೆವು. ಹೆಬ್ಬಾಳದಲ್ಲಿ ಇಳಿದು ಕೆರೆ ಏರಿಯ ಮೇಲೆ ನಡೆಯುವಾಗ ಅಳು ಬಂತು. ಅಪ್ಪ ಮುಂದೆ, ನಾನು ಹಿಂದೆ. ಅವನ ಬೆನ್ನಿಗೆ ಹೇಳುವುದು ಸುಲಭ ಅನ್ನಿಸಿತು.

"ಅಪ್ಪಾ, ಅದ್ರಾಗೆ ಏನೈತೆ ಅಂತ ನಂಗೆ ಒಂದಿನಾನೂ ಗೊತ್ತಾಗಿರ್ಲಿಲ್ಲ."

ಅವನು ತಿರುಗಲಿಲ್ಲ. ನಡೆಯುತ್ತಲೇ, "ಗೊತ್ತಿತ್ತು ಕಣವ್ವಾ" ಅಂದ.

"ಎಂಗೆ?"

"ನಿಮ್ಮವ್ವ ಅದ್ರಾಗೆ ಏನೈತೆ ಅಂತ ಕೇಳಿದ್ಲಲ್ಲ. ಅವತ್ತು ನೀನು ನನ್ನ ಮಕ ನೋಡ್ಲಿಲ್ಲ."

"ಮತ್ತೆ ಯಾಕೆ ಶಾನುಭೋಗ್ರಿಗೆ ಕೊಡ್ಲಿಲ್ಲ?"

"ಕೊಟ್ಟಿದ್ರೆ ನೀನು ಮಾರ್ನೆ ದಿನ ಇಸ್ಕೂಲ್ಗೆ ಓಗ್ತಿದ್ಯಾ?" ಅಂದ. ಆಮೇಲೆ, "ಕಾಗ್ದಕ್ಕೆ ಗಡುವು ಇರ್ತದೆ ಅಂತ ನಂಗೆ ಗೊತ್ತಿರ್ನಿಲ್ಲ. ಸರ್ವೆ ಕಾಗ್ದ ಅಂದ್ಕಂಡಿದ್ದೆ. ಓಗ್ಲಿ ಬುಡು, ಬಾವಿ ಇನ್ನೊಂದು ತೋಡಾನ" ಅಂದ.

ತೋಡಿಸಿದ. ರಸ್ತೆಯ ಕಡೆಯ ಎಕರೆ ಹೋಯಿತು, ದ್ರಾಕ್ಷಿ ಬಳ್ಳಿಗಳನ್ನು ನಾವೇ ಕಡಿದು ಕಟ್ಟಿಗೆ ಮಾಡಿಕೊಂಡೆವು. ಪಕ್ಕದವರ ಬಾವಿ ಅವರಿಗೇ ಉಳಿಯಿತು, ನಮ್ಮದನ್ನು ಮಣ್ಣು ಹಾಕಿ ಮುಚ್ಚಿದರು. ಆ ಬೇಸಿಗೆಯಲ್ಲಿ ಮನೆಯ ಹಿಂದಿನ ರಾಗಿ ಹೊಲದಲ್ಲಿ ಅಪ್ಪ ಇಬ್ಬರು ಆಳುಗಳ ಜೊತೆ ಅಗೆಯಲು ಇಳಿದ. ಮೊದಲು ಕೆಂಪು ಮಣ್ಣು, ಆಮೇಲೆ ಬಿಳಿಚಿದ ಸುದ್ದೆ ಮಣ್ಣು, ಆಮೇಲೆ ಬಂಡೆ. ಬಂಡೆ ಒಡೆಯುವವರು ಬಂದು ಮದ್ದು ಇಟ್ಟರು. ಅದರ ಕೆಳಗೂ ಬಂಡೆ. ನೀರು ಬರಲಿಲ್ಲ. ನಾನು ಆ ವರ್ಷ ಇಂಗ್ಲಿಷಿನಲ್ಲಿ ಶಾಲೆಗೇ ಮೊದಲು ಬಂದೆ.

ಬಾವಿಯ ಕೆಲಸ ನಿಲ್ಲಿಸಿದ ದಿನ ಅಪ್ಪ ಮೈಗೆ ಅಂಟಿದ ಕಲ್ಲುಪುಡಿಯನ್ನು ಅರ್ಧ ಚೆಂಬು ನೀರಿನಲ್ಲಿ ತೊಳೆದುಕೊಂಡು ಜಗಲಿಗೆ ಬಂದು ಕೂತ. ತಿಂಗಳುಗಟ್ಟಲೆ ಅವನು ಕೇಳಲು ಕೂತಿರಲಿಲ್ಲ, ನಾನೂ ಒಳಗೆ ಮೂಲೆಯಲ್ಲಿ ಓದಿಕೊಳ್ಳುತ್ತಿದ್ದೆ. "ಓದವ್ವಾ" ಅಂದ. ಎಂಟನೇ ತರಗತಿಯ ಪುಸ್ತಕ ತಂದೆ. ಒಂದು ವಾಕ್ಯ ಓದಿ, ಪದ ಪದವಾಗಿ ಒಪ್ಪಿಸಿದೆ. ಅವನು ತಲೆಯಾಡಿಸುತ್ತಿದ್ದ. ಕೊನೆಯ ಪದ ಮುಗಿದ ಮೇಲೆ, ಮೊದಲ ಸಲ, "ಆದ್ರೆ ಇದು ಏನೇಳ್ತದೆ ಅಂತ ನಂಗೆ ಗೊತ್ತಿಲ್ಲ ಅಪ್ಪಾ" ಅಂದೆ.

"ಆಗ್ಲಿ" ಅಂದ ಅಪ್ಪ. "ಗೊತ್ತಾದಾಗ ಏಳು."

ಅವ್ವ ಪಕ್ಕದವರ ಬಾವಿಯಿಂದ ಎರಡನೆಯ ಕೊಡ ತರಲು ಹೊರಟಿದ್ದಳು. ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳಿಸಿಕೊಂಡಳು.

"ಇದೇ ಮಾತ ಅವತ್ತು ಏಳಿದ್ರೆ" ಅಂದಳು. ಖಾಲಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದಳು.